ಅಪ್ಪನ ಷರಾ ಕಾಲಮ್ಮು ಮತ್ತು 255

ಬ್ಲಾಗಿನ ಕಡೆ ತಲೆ ಹಾಕದೆ ಎಷ್ಟು ತಿಂಗಳಾಯ್ತೋ! ಕೆಲಸ, ಮಳೆ, ಊರಿಗೆ ಓಡಾಟ ಅಂತ ನೆಪಗಳಿಗೇನೂ ಬರವಿಲ್ಲ, ಅದನ್ನೆಲ್ಲ ಇಲ್ಲಿ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಇವತ್ತು ಬರೆಯುತ್ತಿರುವುದು ಒಂದು ಡೇಟಾ ಇಂಪೋರ್ಟಿನ ಕತೆ. "ಥೂ, ಭಾನುವಾರವೂ ಆಫೀಸಿನ ಪುರಾಣವಾ" ಅಂತ ಹೋಗಿಬಿಡಬೇಡಿ. ಇದು ಆಫೀಸಿನದ್ದಲ್ಲ, ಅಪ್ಪನದ್ದು.

ನಮ್ಮೂರಲ್ಲಿ ಹಾಲಿನ ಸೊಸೈಟಿಯ ಅಟ್ಟದ ಮೇಲೆ ಒಂದು ಪುಟ್ಟ ಲೈಬ್ರರಿ ಇದೆ. ಸಂಜೆ ನಾಲ್ಕರಿಂದ ಏಳು. ಅಪ್ಪ ಮೇಷ್ಟ್ರಾಗಿದ್ದಾಗಲೇ ಅದನ್ನು ನೋಡಿಕೊಳ್ಳುತ್ತಿದ್ದ, 2005ರಲ್ಲಿ ರಿಟೈರ್ ಆದ ಮೇಲಂತೂ ಅದೇ ಮನೆ. ಬೆಂಗಳೂರಿನಲ್ಲಿದ್ದ ಊರಿನವರೊಬ್ಬರು 2003ರಲ್ಲಿ ತಮ್ಮ ಹಳೇ ಕಂಪ್ಯೂಟರ್ ಕೊಟ್ಟರು. ಅದರಲ್ಲಿ ನುಡಿ ಹಾಕಿಸಿಕೊಂಡು, ಕೈಬರಹದ ರಿಜಿಸ್ಟರಿನಲ್ಲಿದ್ದ ಪುಸ್ತಕಗಳನ್ನೆಲ್ಲ ಆಕ್ಸೆಸ್ಸಿನ ಒಂದು ಟೇಬಲ್ಲಿಗೆ ಒಂದೊಂದಾಗಿ ಟೈಪು ಮಾಡಿದ್ದು ಅಪ್ಪನೇ. ಎರಡೇ ಬೆರಳಲ್ಲಿ, ಮೂರು ವರ್ಷ. ನಂಬರು, ಹೆಸರು, ಲೇಖಕ, ಬೆಲೆ, ಕಪಾಟು, ಕೊನೆಗೆ ಷರಾ.

ಈ ಷರಾ ಅನ್ನುವ ಕಾಲಮ್ಮೇ ನಮ್ಮ ಕತೆಯ ನಾಯಕ. ಬೇರೆ ಲೈಬ್ರರಿಗಳಲ್ಲಿ ಅಲ್ಲಿ "ಪುಟ ಹರಿದಿದೆ" ಅಂತಿರುತ್ತದೆ. ಅಪ್ಪ ಅಲ್ಲಿ ಊರನ್ನೇ ಬರೆಯುತ್ತಿದ್ದ. ಯಾರು ಒಯ್ದರು, ಎಷ್ಟು ದಿನ ಇಟ್ಟುಕೊಂಡರು, ವಾಪಸು ಕೊಡುವಾಗ ಏನಂದರು, ಕಾರಂತರ ಪುಸ್ತಕ ಓದಿ ಯಾರು ಮೂರು ದಿನ ಮಾತಾಡಲಿಲ್ಲ, ಯಾವ ಪುಸ್ತಕ ಯಾರ ಜೊತೆ ಮಣಿಪಾಲದ ಆಸ್ಪತ್ರೆಗೆ ಹೋಗಿ ಒಂದೇ ವಾಪಸು ಬಂತು... ಎಲ್ಲಾ.

2024ರ ಜುಲೈನಲ್ಲಿ ಅಪ್ಪನ ಫೋನು. "ಏನೋ, ಲೈಬ್ರರಿ ಕಂಪ್ಯೂಟರು ಕಟಕಟ ಅಂತಿದೆ ಮಾರಾಯ, ಒಳಗೆ ಇಲಿ ಸೇರಿದೆಯಾ ಅಂತ." ಇಲಿ ಅಲ್ಲ, ಹಾರ್ಡ್ ಡಿಸ್ಕ್ ಸಾಯುವ ಸದ್ದು. ಇದು ಮೊದಲ ಕಂಪ್ಯೂಟರ್ ಅಲ್ಲ, 2009ರಲ್ಲಿ ನಾನೇ ಕೊಡಿಸಿದ ಎರಡನೆಯದು. ವಾರಾಂತ್ಯಕ್ಕೆ ಬಸ್ಸು ಹತ್ತಿದೆ. ಅಷ್ಟರಲ್ಲಿ ತಮ್ಮನ ಮಗಳು ಲೈಬ್ರರಿಗೆ ಅಂತ ಒಂದು ವೆಬ್‌ಸೈಟ್ ಮಾಡಿ, ಹಿಂದೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇಟ್ಟು, "ದೊಡ್ಡಪ್ಪ, ಅಜ್ಜನ ಡೇಟಾ ಅದಕ್ಕೆ ಹಾಕಿಕೊಡು, ನಿಂಗೆ ಅದು ಐದು ನಿಮಿಷದ ಕೆಲಸ ಅಲ್ವಾ" ಅಂದಿದ್ದಳು. ಹೌದಮ್ಮ, ಐದೇ ನಿಮಿಷ :-)

ಪೆನ್‌ಡ್ರೈವಿಗೆ ಬಂದದ್ದು ಒಂದು ಎಕ್ಸೆಲ್ ಕಡತ. 4,312 ಸಾಲು. ಆಫೀಸಿನ ಅಭ್ಯಾಸಬಲದಿಂದ ಮೊದಲು ಒಂದು ಇಂಪೋರ್ಟ್ ವಿಝಾರ್ಡಿನಲ್ಲಿ ನೇರವಾಗಿ ಎಳೆದೆ. "ಯಶಸ್ವಿಯಾಗಿ ಮುಗಿಯಿತು" ಅಂದಿತು. ನೋಡಿದರೆ ದಾನವಾಗಿ ಬಂದ ಪುಸ್ತಕಗಳ ನಂಬರೆಲ್ಲ ಖಾಲಿ. ಎಕ್ಸೆಲ್ ಓದುವ ಮೈಕ್ರೋಸಾಫ್ಟಿನ ಹಳೇ ಡ್ರೈವರಿಗೆ ಒಂದು ಚಾಳಿ ಇದೆ. ಮೊದಲ ಎಂಟು ಸಾಲು ನೋಡಿ ಈ ಕಾಲಮ್ಮು ಅಂಕಿಯೋ ಅಕ್ಷರವೋ ಅಂತ ತೀರ್ಮಾನ ಮಾಡಿಬಿಡುತ್ತದೆ. ಮೊದಲ ಎಂಟು ಪುಸ್ತಕ 1, 2, 3 ಅಂತಿದ್ದರೆ ಮುಂದೆ ಬರುವ "ದಾ-1", "ದಾ-2" ಅದರ ಪಾಲಿಗೆ ಇಲ್ಲವೇ ಇಲ್ಲ. ತಪ್ಪಾಗಿದೆ ಅಂತ ಒಂದು ಮಾತೂ ಆಡುವುದಿಲ್ಲ, ಖಾಲಿ ಬಿಟ್ಟು ಮುಂದೆ ಹೋಗುತ್ತದೆ. ಹುಡುಗಿ ನೋಡಲು ಬಂದವರು ಬಾಗಿಲಲ್ಲೇ ತೀರ್ಮಾನ ಮಾಡಿದ ಹಾಗೆ.

ಸರಿ, ಸಿಎಸ್‌ವಿ ಮಾಡಿಕೊಂಡೇ ಹೋಗೋಣ ಅಂದುಕೊಂಡೆ. ಅದಕ್ಕೂ ಮೊದಲು ನುಡಿಯಿಂದ ಯೂನಿಕೋಡಿಗೆ ಬದಲಾಯಿಸಬೇಕಲ್ಲ. ಹೊಸಬರಿಗೆ ಗೊತ್ತಿರಲಿಕ್ಕಿಲ್ಲ, ಹಳೇ ನುಡಿಯಲ್ಲಿ ಟೈಪು ಮಾಡಿದ್ದು ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡವೇ ಅಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳ ಚಿತ್ರ ಕೂರಿಸಿದ ಫಾಂಟು ಅದು. "ಕ" ಬೇಕೆಂದರೆ ಇಂಗ್ಲಿಷಿನ ದೊಡ್ಡ ಪಿ, ಅದರ ಪಕ್ಕ ನೆತ್ತಿಯ ಮೇಲೆ ಗೀಟಿರುವ ಎ. ಪಿ ಅಂದರೆ ಕ ಅಕ್ಷರದ ಒಡಲು, ಆ ಗೀಟಿನ ಎ ಅಂದರೆ ತಲೆಕಟ್ಟು. "ನ" ಬರೆಯಲು ಬ್ರಿಟಿಷರ ಪೌಂಡ್ ಚಿಹ್ನೆ ಬೇಕು! ಫಾಂಟ್ ತೆಗೆದು ನೋಡಿದರೆ "ಕನ್ನಡ" ಅನ್ನುವ ಪದದ ಮಧ್ಯೆಯೇ ಪೌಂಡು ಕೂತಿರುತ್ತದೆ. ಯೂನಿಕೋಡ್ ಇನ್ನೂ ಕೈಗೆ ಸಿಗದ ಕಾಲದಲ್ಲಿ ಅದರಿಂದಲೇ ಊರೂರಲ್ಲಿ ಕನ್ನಡ ಟೈಪಾಯಿತು, ಅದನ್ನು ಹಳಿಯುವ ಮನಸ್ಸು ನನಗಿಲ್ಲ. ನಿಮ್ಮಲ್ಲೂ ಹಲವರ ಮೊದಲ ಕವಿತೆಗಳು ಇನ್ನೂ ಆ ರೂಪದಲ್ಲೇ ಯಾವುದೋ ಫೋಲ್ಡರಿನಲ್ಲಿ ಬಿದ್ದಿರಬಹುದು.

ಪರಿವರ್ತನೆ ಅಂದರೆ ಬರೀ ಅಕ್ಷರ ಬದಲಿಸುವುದಲ್ಲ. "ಧರ್ಮ" ಅಂತ ಬರೆಯುವಾಗ ನುಡಿಯಲ್ಲಿ ಅರ್ಕಾವತ್ತು ಕೊನೆಗೆ, ಮ ಆದ ಮೇಲೆ ಬರುತ್ತದೆ. ಯೂನಿಕೋಡಿನಲ್ಲಿ ರ್ ಮೊದಲು, ಮ ಆಮೇಲೆ. ಅದನ್ನು ಹಿಂದೆ ಮುಂದೆ ಮಾಡಬೇಕು. ಇದನ್ನೆಲ್ಲ ಪರಿವರ್ತಕಗಳು ಚೆನ್ನಾಗಿಯೇ ಮಾಡುತ್ತವೆ. ಎಡವುವುದು ಇಂಗ್ಲಿಷ್ ಹೆಸರುಗಳಲ್ಲಿ. ವರ್ಡ್ ಕಡತದಲ್ಲಾದರೆ ಯಾವ ಪದಕ್ಕೆ ಯಾವ ಫಾಂಟು ಅಂತ ಗೊತ್ತಿರುತ್ತದೆ, ಡೇಟಾಬೇಸಿನಲ್ಲಿ ಫಾಂಟು ಎಲ್ಲಿಂದ ಬರಬೇಕು? ಹಾಗಾಗಿ "ವಾರ್ ಆಂಡ್ ಪೀಸ್" ಅಂತ ಇಂಗ್ಲಿಷಿನಲ್ಲೇ ಇದ್ದ ಹೆಸರನ್ನೂ ಅದು ಕನ್ನಡ ಅಂತ ತಿಳಿದು ತಿರುವಿತು. ನಡುವಿನ "ಆಂಡ್" ಏನಾಯಿತು ಹೇಳಿ? "ಚಿಟಿಜ"! ಹಳೇ ಕನ್ನಡ ಜಾಲತಾಣಗಳಲ್ಲಿ ಈ ಚಿಟಿಜವನ್ನು ನೋಡಿದವರಿಗೆ ಈಗ ಹಳೇ ಗೆಳೆಯ ಸಿಕ್ಕಂತಾಗಿರಬೇಕು. ಉಪಾಯ ಸುಲಭದ್ದೇ. ನುಡಿಯ ಕನ್ನಡದಲ್ಲಿ ಗೀಟಿನ ಎ ತರಹದ ಯುರೋಪಿನ ಅಕ್ಷರ ಬಂದೇ ಬರುತ್ತದೆ, ಅಂಥದ್ದು ಒಂದೂ ಇಲ್ಲದಿದ್ದರೆ ಇಂಗ್ಲಿಷ್ ಅಂತ ಬಿಟ್ಟುಬಿಡುವುದು. ಇದಕ್ಕೂ ಮೋಸ ಮಾಡುವ ಪದಗಳಿವೆ ("ಗಿರಿ" ಅಂದರೆ ಅಲ್ಲಿ ಬರೀ ವಿ ಮತ್ತು ಜೆ), ಅಂಥವು ನಾಲ್ಕೈದು ಸಿಕ್ಕವು, ಕೈಯಲ್ಲೇ ತಿದ್ದಿದೆ.

ಆಮೇಲೆ ಸಿಎಸ್‌ವಿ ಅಂತ ಸೇವ್ ಮಾಡಿ ತೆಗೆದರೆ ಇಡೀ ಲೈಬ್ರರಿ ಪ್ರಶ್ನಾರ್ಥಕ ಚಿಹ್ನೆ. ಎಕ್ಸೆಲ್ಲಿನ ಸಾದಾ ಸಿಎಸ್‌ವಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ, "ಸಿಎಸ್‌ವಿ ಯುಟಿಎಫ್-8" ಅಂತ ಇನ್ನೊಂದಿದೆ, ಅದನ್ನು ಆರಿಸಬೇಕು. ಇಲ್ಲಿ ಒಂದು ಮಾತು, ಯಾರಿಗಾದರೂ ಉಪಯೋಗಕ್ಕೆ ಬರಬಹುದು. ಕನ್ನಡದ ಬದಲು ಗೀಟು ಚುಕ್ಕೆಗಳ ಗೋಜಲು ಕಂಡರೆ ಹೆದರಬೇಡಿ, ಹೆಚ್ಚಿನ ಸಲ ಒಳಗೆ ಅಕ್ಷರ ಜೀವಂತ ಇರುತ್ತದೆ, ಓದುವ ಕಡೆ ತಪ್ಪು ಕನ್ನಡಕ ಹಾಕಿದ್ದೀರಿ ಅಷ್ಟೆ. ಕಡತದಲ್ಲೇ ಪ್ರಶ್ನಾರ್ಥಕ ಬಂದು ಕೂತಿದ್ದರೆ ಅಕ್ಷರ ಸತ್ತಿದೆ, ಮೂಲಕ್ಕೇ ವಾಪಸು ಹೋಗಬೇಕು. ಆ ಗೋಜಲಿನ ಕಡತವನ್ನು "ಸರಿ ಮಾಡ್ತೀನಿ" ಅಂತ ಮತ್ತೆ ಮತ್ತೆ ಸೇವ್ ಮಾಡಿ ಪ್ರಶ್ನಾರ್ಥಕಕ್ಕೆ ಇಳಿಸಿದವರನ್ನು ನಾನು ಆಫೀಸಿನಲ್ಲಿ ಸಾಕಷ್ಟು ನೋಡಿದ್ದೇನೆ. ನಾನೂ ಒಬ್ಬ.

ಈ ನಡುವೆ ಒಂದು ತಮಾಷೆ. ಕಪಾಟಿನ ಕಾಲಮ್ಮಿನಲ್ಲಿ ಮೂರನೇ ಕಪಾಟು ನಾಲ್ಕನೇ ಅಂತಸ್ತು ಅನ್ನುವುದಕ್ಕೆ ಅಪ್ಪ "3-4" ಅಂತ ಬರೆದಿದ್ದ. ಸಿಎಸ್‌ವಿಯನ್ನು ನಾನು ಎಕ್ಸೆಲ್ಲಿನಲ್ಲಿ ಒಮ್ಮೆ ತೆಗೆದು ಮುಚ್ಚಿದ್ದೇ ತಪ್ಪಾಯಿತು, ಅದು ಏಪ್ರಿಲ್ ಮೂರನೇ ತಾರೀಕು ಆಗಿ, ಡೇಟಾಬೇಸಿಗೆ ಹೋಗುವಷ್ಟರಲ್ಲಿ 45385 ಆಗಿತ್ತು. ಅಪ್ಪನಿಗೆ ಹೇಳಿದೆ, "ಮೂರನೇ ಕಪಾಟಿನಲ್ಲಿ 45385ನೇ ಅಂತಸ್ತಿಗೆ ಏಣಿ ಎಲ್ಲಿಂದ ತರೋದು?" ಅಂದ.

ಇಷ್ಟಾದ ಮೇಲೆ ಮೈಎಸ್‌ಕ್ಯೂಎಲ್ ಬೈಯಲು ಶುರು ಮಾಡಿತು. ಅಪ್ಪನ ವಾಕ್ಯಗಳಲ್ಲಿ ಅಲ್ಪವಿರಾಮ ಧಾರಾಳ. ಉದ್ಧರಣ ಚಿಹ್ನೆಯ ಒಳಗಿದ್ದದ್ದು ಒಂದೇ ಕಾಲಮ್ಮು ಅಂತ ಹೇಳುವುದನ್ನು ನಾನು ಮರೆತಿದ್ದೆ, ಹಾಗಾಗಿ ಕಾಲಮ್ಮುಗಳು ಜಾರಿ ಬೆಲೆಯ ಜಾಗಕ್ಕೆ ಲೇಖಕರ ಇನಿಶಿಯಲ್ಲು ಬಂದು ಕೂತಿತು. ಅದನ್ನು ಸರಿ ಮಾಡಿದರೆ "ಡೇಟಾ ಟೂ ಲಾಂಗ್ ಫಾರ್ ಕಾಲಮ್". ಹುಡುಗಿ ಷರಾಕ್ಕೆ ನೂರೇ ಅಕ್ಷರದ ಜಾಗ ಇಟ್ಟಿದ್ದಳು. 2015ರಲ್ಲಿ ಬಂದ 5.7ರಿಂದ ಈಚೆಗೆ ಮೈಎಸ್‌ಕ್ಯೂಎಲ್ ಹೀಗೆ ತಾನಾಗಿಯೇ ಜಗಳಕ್ಕೆ ನಿಲ್ಲುತ್ತದೆ. ಅದಕ್ಕೂ ಹಿಂದೆ, ಬೇರೆ ಏನೂ ಹೇಳದಿದ್ದರೆ, ಉದ್ದದ್ದನ್ನು ಕತ್ತರಿಸಿ ಹಾಕಿಕೊಂಡು "ಎಚ್ಚರಿಕೆ" ಅಂತ ಎಲ್ಲೋ ಮೂಲೆಯಲ್ಲಿ ಪಿಸುಗುಟ್ಟುತ್ತಿತ್ತು. ನನಗೆ ಈ ಜಗಳಗಂಟನೇ ಇಷ್ಟ.

ಎಷ್ಟು ಜಾಗ ಬೇಕು ಅಂತ ನೋಡಲು ಷರಾಗಳನ್ನು ಒಂದೊಂದಾಗಿ ಓದತೊಡಗಿದೆ. ಕೆಲವು ಷರಾಗಳ ಕೊನೆಯಲ್ಲಿ ಒಂದು ಒಂಟಿ ಇಂಗ್ಲಿಷ್ ಅಕ್ಷರ ಉಳಿದುಕೊಂಡಿತ್ತು. ಪರಿವರ್ತಕದ ತಪ್ಪು ಅಂದುಕೊಂಡು, ಮೂಲ ಕಡತಕ್ಕೆ ನುಡಿ ಫಾಂಟು ಹಾಕಿ ನೋಡಿದೆ. ತ್ರಿವೇಣಿಯವರ 'ಬೆಕ್ಕಿನ ಕಣ್ಣು' ಪುಸ್ತಕದ ಎದುರು ಹೀಗಿತ್ತು:

"1991ರ ಮಳೆಗಾಲದಲ್ಲಿ ಮೇಲಿನಮನೆ ಅಜ್ಜಿ ಮೂರನೇ ಸಲ ಒಯ್ದದ್ದು. ಹಿಂದೆ ಕೊಡುವಾಗ ನಡುವೆ ಒಂದು ಕಾಗದ ಸಿಕ್ಕಿತು. ಮಗನಿಗೆ ಕೊಡಬೇಡಿ ಮೇಷ್ಟ್ರೇ, ನಿಮ್ಮ ಹತ್ತಿರವೇ ಇರಲಿ ಎಂದರು. ಓದಿ ನೋಡಿದರೆ ಗಂಡ ತೀರಿಕೊಂಡ ವರ್ಷದಿಂದ ಹಿಡಿದು ಅವರು ಒಬ್ಬರೇ"

ಅದಾದ ಮೇಲೆ ಕ ಅಕ್ಷರದ ಒಡಲು. ಮೇಲೆ ತಲೆಕಟ್ಟಿಲ್ಲ. ಕಟ್ಟಿದ, ಕಾದ, ಕೊಟ್ಟ, ಕೂಡಿಟ್ಟ... ಏನು ಬೇಕಾದರೂ ಆಗಬಹುದು, ಯಾವ ಸ್ವರ ಅಂತಲೂ ಗೊತ್ತಿಲ್ಲ.

ಎಕ್ಸೆಲ್ಲಿನಲ್ಲೇ ಪಕ್ಕದ ಕಾಲಮ್ಮಿಗೆ ಪ್ರತಿ ಷರಾದ ಉದ್ದ ಎಷ್ಟು ಅಂತ ಲೆಕ್ಕ ಹಾಕಿಸಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. 255. 255. 255. ಕೆಳಗೆ ಜಾರಿಸುತ್ತಾ ಹೋದೆ, 618 ಸಾಲು ಸರಿಯಾಗಿ 255. ಅದಕ್ಕಿಂತ ಒಂದೇ ಒಂದು ಉದ್ದದ್ದು ಇಲ್ಲ. ಈ ಕೆಲಸದಲ್ಲಿರುವವರಿಗೆ ಆ ಸಂಖ್ಯೆ ಕಂಡ ಕೂಡಲೇ ಹೊಟ್ಟೆಯಲ್ಲಿ ಏನಾಗುತ್ತದೆ ಅಂತ ಗೊತ್ತಿರುತ್ತದೆ. ಮನುಷ್ಯರು ಬರೆದದ್ದು ಎಲ್ಲಾ ಒಂದೇ ಕಡೆ ನಿಲ್ಲುವುದಿಲ್ಲ, ಯಾರೋ ಕತ್ತರಿಸಿರಬೇಕು. ನುಡಿಯಲ್ಲಿ ಒಂದು ಕನ್ನಡ ಅಕ್ಷರಕ್ಕೆ ಎರಡು ಮೂರು ತುಂಡು ಬೇಕಾದ್ದರಿಂದ 255 ಅಂದರೆ ನಮ್ಮ ಲೆಕ್ಕದಲ್ಲಿ ನೂರು ಚಿಲ್ಲರೆ ಅಕ್ಷರ.

ಯಾರು ಕತ್ತರಿಸಿದ್ದು? ಅದಕ್ಕೆ ಹೆಚ್ಚು ಹುಡುಕಬೇಕಾಗಲಿಲ್ಲ.

2009ರಲ್ಲಿ ಹೊಸ ಕಂಪ್ಯೂಟರ್ ಕೊಡಿಸಿದಾಗ ಅದರಲ್ಲಿ ಎಕ್ಸೆಲ್ ಇತ್ತು, ಆಕ್ಸೆಸ್ ಇರಲಿಲ್ಲ. ಹಾಗಾಗಿ ಹಳೇ ಟೇಬಲ್ಲನ್ನು ಎಕ್ಸೆಲ್ಲಿಗೆ ಎಕ್ಸ್‌ಪೋರ್ಟ್ ಮಾಡಿಕೊಟ್ಟವನು ನಾನು. ಕೆಲಸಕ್ಕೆ ಸೇರಿ ಮೂರು ವರ್ಷ, ಎಸ್‌ಕ್ಯೂಎಲ್ ಎಲ್ಲ ಕರತಲಾಮಲಕ ಅನ್ನುವ ಕೊಬ್ಬು. ಅಪ್ಪ ಕೆಲವು ಪುಸ್ತಕಗಳನ್ನು ಎರಡೆರಡು ಸಲ ಟೈಪು ಮಾಡಿದ್ದಾನೆ ಅಂತ ಕಂಡು, ಕ್ವೆರಿಯಲ್ಲಿ ಜಾಣತನದಿಂದ ಒಂದು "ಡಿಸ್ಟಿಂಕ್ಟ್" ಸೇರಿಸಿದ್ದೆ. ಆಕ್ಸೆಸ್ಸಿನಲ್ಲಿ ಉದ್ದ ಬರಹಕ್ಕೆ ಮೆಮೊ ಅಂತ ಒಂದು ಬಗೆ. ಡಿಸ್ಟಿಂಕ್ಟ್ ಅಂದರೆ ಸಾಲು ಸಾಲನ್ನು ಹೋಲಿಸಬೇಕಲ್ಲ, ಅಷ್ಟುದ್ದದ ಮೆಮೊಗಳನ್ನು ಹೋಲಿಸಲು ಅದು ತಯಾರಿಲ್ಲ, ಮೊದಲ 255 ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ದೋಷವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಇವತ್ತು ಇದು ಬಾಯಿಪಾಠ. ಅವತ್ತು ಗೊತ್ತಿರಲಿಲ್ಲ. ಡಬಲ್ಲು ತೆಗೆದ ಮೇಲೆ ಅಲ್ಲಿ 3,406, ಇಲ್ಲಿ 3,406, ನೋಡು ಅಪ್ಪ, ಒಂದು ಸಾಲೂ ಬಿಟ್ಟಿಲ್ಲ ಅಂತ ತೋರಿಸಿ, ಹಳೇ ಡಬ್ಬವನ್ನು ಗುಜರಿಗೆ ಹಾಕಿ ಬೆಂಗಳೂರು ಬಸ್ಸು ಹತ್ತಿದ್ದೆ.

ಬ್ಯಾಕಪ್ ಇರಲಿಲ್ಲವೇ ಅಂತ ಕೇಳುತ್ತೀರಿ. ಇತ್ತು. "ಅಪ್ಪ ಲೈಬ್ರರಿ ಬ್ಯಾಕಪ್" ಅಂತ ಮಾರ್ಕರಿನಲ್ಲಿ ಬರೆದ ಸಿಡಿಯೊಂದು ಅಮ್ಮನ ಸೀರೆ ಬೀರುವಿನಲ್ಲಿ ಜೋಪಾನವಾಗಿತ್ತು. ಹದಿನೈದು ವರ್ಷದ ಸಿಡಿ, ಓದುತ್ತದೋ ಇಲ್ಲವೋ ಅಂತ ಎದೆ ಹೊಡೆದುಕೊಳ್ಳುತ್ತಿತ್ತು. ಓದಿತು. ಒಳಗೆ ಒಂದೇ ಕಡತ, ಒಂದು ಕೆಬಿ. ಡೆಸ್ಕ್‌ಟಾಪಿನಲ್ಲಿದ್ದ ಶಾರ್ಟ್‌ಕಟ್ಟನ್ನು ಎಳೆದು ಸಿಡಿಗೆ ಬರೆದಿದ್ದೆ ಪುಣ್ಯಾತ್ಮ. ಗುಜರಿಗೆ ಹೋದ ಕಂಪ್ಯೂಟರಿನ ಡಿ ಡ್ರೈವಿನಲ್ಲಿ ಕಡತ ಇದೆ ಅಂತ ಅದು ಹದಿನೈದು ವರ್ಷದಿಂದ ನಿಷ್ಠೆಯಿಂದ ಕೈ ತೋರಿಸುತ್ತಾ ಕೂತಿತ್ತು.

ಅಪ್ಪನಿಗೆ ಹೇಳಲೇಬೇಕಾಯಿತು. ಜಗಲಿಯಲ್ಲಿ ಕೂತು ಅಡಿಕೆ ಕತ್ತರಿಸುತ್ತಿದ್ದ. ಪೂರ್ತಿ ಕೇಳಿಸಿಕೊಂಡು, "ಗೊತ್ತಿತ್ತು" ಅಂದ.

"ಗೊತ್ತಿತ್ತಾ? ಯಾವಾಗಿಂದ?"

"ನೀನು ಬಸ್ಸು ಹತ್ತಿ ಹೋದ ಮಾರನೇ ದಿನದಿಂದ."

"ನೀ ಹೇಳ್ಬೇಕಿತ್ತಲ್ವಾ ಅಪ್ಪ!"

"ಎಲ್ಲಾ ಸರಿ ಇದೆ ಅಂತ ಸಾಲು ಎಣಿಸಿ ತೋರಿಸಿದ್ದೆಯಲ್ಲ. ಹೊಸ ಮಿಷನ್ನಿನಲ್ಲಿ ಅಷ್ಟೇ ಹಿಡಿಯೋದೇನೋ ಅಂದ್ಕೊಂಡೆ. ಆಮೇಲಿಂದ ನಾನೇ ಚಿಕ್ಕದಾಗಿ ಬರೆಯೋಕೆ ಶುರು ಮಾಡಿದೆ."

ಇದನ್ನು ಕೇಳಿ ನಾನು ಸುಮ್ಮನೆ ಒಳಗೆ ಹೋಗಿ ನೀರು ಕುಡಿದು ಬಂದೆ. 2009ರಿಂದ ಈಚೆಗೆ ಸೇರಿದ ಒಂಬೈನೂರು ಚಿಲ್ಲರೆ ಪುಸ್ತಕಗಳ ಷರಾ ನಾನು ಅವತ್ತು ಬೆಳಗ್ಗೆಯೇ ನೋಡಿದ್ದೆ. "ಚೆನ್ನಾಗಿದೆ." "ಬೈಂಡು ಸಡಿಲ." "ಇಬ್ಬರು ಓದಿದರು." ಅಪ್ಪನಿಗೆ ವಯಸ್ಸಾಯಿತು, ಮೊದಲಿನ ಉಮೇದಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡು ಮುಂದೆ ಹೋಗಿದ್ದೆ. ಆ 618ರ ಲೆಕ್ಕ ಆದರೂ ಸಿಗುತ್ತದೆ. ಇದರ ಲೆಕ್ಕ ಯಾವ ಕ್ವೆರಿ ಹಾಕಿದರೆ ಬರುತ್ತದೆ?

ಈಗ ಷರಾದ ಕಾಲಮ್ಮನ್ನು ಟೆಕ್ಸ್ಟ್ ಅನ್ನುವ ಬಗೆಗೆ ಬದಲಾಯಿಸಿದ್ದೇನೆ. ಅದರಲ್ಲಿ 65,535 ಬೈಟು ಹಿಡಿಯುತ್ತದೆ, ಯೂನಿಕೋಡ್ ಕನ್ನಡಕ್ಕೆ ಒಂದೊಂದಕ್ಕೆ ಮೂರು ಬೈಟು, ಅಂದರೆ ಗುಣಿತ ಒತ್ತುಗಳನ್ನೂ ಎಣಿಸಿದರೆ ಇಪ್ಪತ್ತೊಂದು ಸಾವಿರದ ಮೇಲೆ. ಅಪ್ಪನಿಗೆ ಹೇಳಿದರೆ "ಅಷ್ಟುದ್ದ ಯಾರು ಓದ್ತಾರೆ ಮಾರಾಯ" ಅಂದ. ಆದರೂ ಮುಖ ಸ್ವಲ್ಪ ಅರಳಿತು ಅಂತ ನನಗನ್ನಿಸಿತು, ಅಥವಾ ಹಾಗೆ ಅನ್ನಿಸಬೇಕಿತ್ತು.

ಪ್ರತಿ ಭಾನುವಾರ ಬೆಳಗ್ಗೆ ತಿಂಡಿ ಆದ ಮೇಲೆ ಫೋನು. ನಾನು ತುಂಡಾದ ಷರಾ ಓದುತ್ತೇನೆ, ಅಪ್ಪ ಮುಂದಿನದ್ದು ಹೇಳುತ್ತಾನೆ, ನಾನು ಟೈಪು ಮಾಡುತ್ತೇನೆ. ಹಳೇ ಕೈಬರಹದ ರಿಜಿಸ್ಟರಿನಲ್ಲಿ ಒಂದಿಷ್ಟು ಸಿಕ್ಕಿತು, ಗೆದ್ದಲು ಬಿಟ್ಟಷ್ಟು. ಕೆಲವಕ್ಕೆ "ನೆನಪಿಲ್ಲ, ಬಿಡು" ಅನ್ನುತ್ತಾನೆ. ಕೆಲವು ಸಲ ಷರಾದಲ್ಲಿ ಇದ್ದಿರಲು ಸಾಧ್ಯವೇ ಇಲ್ಲದ್ದನ್ನೂ ಸೇರಿಸುತ್ತಾನೆ (2003ರಲ್ಲಿ ಟೈಪಾದ ಷರಾದೊಳಗೆ ಕೊರೋನಾ ಹೇಗೆ ಬರುತ್ತದೆ ಅಪ್ಪ?). ನಾನು ತಿದ್ದಲು ಹೋಗುವುದಿಲ್ಲ. ಒಂದು ದಿನಕ್ಕೆ ಹತ್ತು ಹನ್ನೆರಡು ಆದರೆ ಹೆಚ್ಚು.

'ಬೆಕ್ಕಿನ ಕಣ್ಣು' ಬಂದ ದಿನ ಮಾತ್ರ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಓದಿ ಮುಗಿಸಿ "ಕ ಆದ್ಮೇಲೆ ಏನಪ್ಪಾ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಹಿಂದೆ ಅಮ್ಮ ಒಗ್ಗರಣೆ ಹಾಕಿದ ಸದ್ದು.

"ಅದು ಚೆನ್ನಾಗಿ ನೆನಪಿದೆ. ಆದ್ರೆ ಹಾಕೋದು ಬೇಡ. ಅಜ್ಜಿಯ ಮೊಮ್ಮಕ್ಕಳೆಲ್ಲ ಈಗ ಆ ವೆಬ್‌ಸೈಟು ನೋಡ್ತಾರೆ. ಇರೋದನ್ನೂ ತೆಗೆದು, ಮೂರು ಸಲ ಓದಿದರು ಅಂತ ಇಷ್ಟೇ ಇಡು."

"ಯಾರಾದ್ರೂ ಮಿಕ್ಕಿದ್ದೆಲ್ಲಿ ಅಂತ ಕೇಳಿದ್ರೆ?"

"ಮಗ ಕಂಪ್ಯೂಟರಿನಲ್ಲಿ ಕಳೆದ ಅಂತೀನಿ."

(ಇಲ್ಲಿ ಬರೆಯಲು ಅಪ್ಪನ ಒಪ್ಪಿಗೆ ಇದೆ. ಪುಸ್ತಕದ ಹೆಸರು, ವರ್ಷ ಬದಲಿಸಿದ್ದೇನೆ, ಊರಿನವರು ಹುಡುಕಲು ಹೋಗಬೇಡಿ.)

ಮುಂದಿನ ಭಾನುವಾರ 341ನೆಯದರಿಂದ. ಗೊರೂರರದ್ದು, ಅದರ ಷರಾ "ಇದನ್ನು ಒಯ್ದ ಪೋಸ್ಟ್‌ಮ್ಯಾನು ಅವತ್ತು ಕಾಗದಗಳನ್ನೆಲ್ಲ" ಅನ್ನುವಲ್ಲಿ ನಿಂತಿದೆ.